ಸಿಪಾಯಿಯ ಕೊರಳವಸ್ತ್ರ, ನಮ್ಮ ಕಡೆಯ ಕೌದಿ

ಹಳೆಯ ಮಿಲಿಟರಿ ಸಾಮಾನು ಕೂಡಿಡುವವರಲ್ಲಿ ಪದಕ ಹುಡುಕುವವರ ಕೆಲಸ ಸಲೀಸು. ಮಹಾಯುದ್ಧಗಳಲ್ಲಿ ಹಿಂದೂಸ್ತಾನದ ಸಿಪಾಯಿಗಳಿಗೆ ಕೊಟ್ಟ ಬಹುತೇಕ ಪದಕಗಳ ಮೇಲೆಯೇ ನಂಬರು, ಹೆಸರು, ಪಲ್ಟನ್ನು ಇರುತ್ತವೆ. ಕೊರಳಿಗೆ ಸುತ್ತುವ ಸ್ಕಾರ್ಫಿಗೆ ಅಂಥ ಅನುಕೂಲವಿಲ್ಲ. ಅದು ಬೆವರು ಒರೆಸಿ, ಧೂಳಿಗೆ ಮೂಗು ಮುಚ್ಚಿ, ಒಮ್ಮೊಮ್ಮೆ ಗಾಯಕ್ಕೆ ಪಟ್ಟಿಯಾಗಿ, ಊರಿಗೆ ಬಂದ ಮೇಲೆ ಯಾರದೋ ತಲೆಗೆ ಸುತ್ತಿಕೊಂಡು ಸವೆದುಹೋಗುವ ಬಟ್ಟೆ. ಇಂಥದ್ದನ್ನು ಹುಡುಕಿ, ಗುರುತಿಸಿ, ಜೋಪಾನ ಮಾಡುವವರನ್ನು ನಾನು ಮನಸಾರೆ ಗೌರವಿಸುತ್ತೇನೆ. ಆದರೆ ಅವರು ಅನುಸರಿಸುವ ಪದ್ಧತಿ ಬೆಳೆದದ್ದು ಯುರೋಪು, ಅಮೆರಿಕಗಳಲ್ಲಿ. ಅದನ್ನೇ ಆಂಧ್ರದ ಆದೋನಿ, ಆಲೂರು, ಕೋಸಗಿ ಕಡೆಯ ಬಟ್ಟೆಗೆ ಹಚ್ಚಿದಾಗ ಎಲ್ಲೆಲ್ಲಿ ತಪ್ಪುತ್ತದೆ ಎಂಬುದನ್ನು ಯಾರಾದರೂ ಹೇಳಲೇಬೇಕು.

ಮೊದಲು ಅದರ ಗಟ್ಟಿ ಭಾಗ. ಬಟ್ಟೆಯ ಬಗ್ಗೆ ಬಟ್ಟೆಯನ್ನೇ ಕೇಳಬೇಕು ಎನ್ನುವ ಶಿಸ್ತು ಈ ಹವ್ಯಾಸದ ಜೀವಾಳ. ಒಳಮಡಿಕೆಯಿಂದ ಒಂದೆಳೆ ಬಿಡಿಸಿ ಬೆಂಕಿ ತಾಗಿಸಿದರೆ ರೇಷ್ಮೆಯದು ಕೂದಲು ಸುಟ್ಟ ವಾಸನೆ, ಬೆರಳಿಗೆ ಪುಡಿಯಾಗುವ ಬೂದಿ. ಹತ್ತಿ ಕಾಗದದಂತೆ ಉರಿಯುತ್ತದೆ. ರೇಯಾನ್ ನೋಟಕ್ಕೆ ರೇಷ್ಮೆಯಾದರೂ ಉರಿಯುವಾಗ ಹತ್ತಿಯ ಗುಣ ತೋರುತ್ತದೆ. ನೈಲಾನ್ ಕರಗಿ ಗಟ್ಟಿ ಮಣಿಯಾಗುತ್ತದೆ. ‘ಪ್ಯಾರಾಚೂಟ್ ರೇಷ್ಮೆಯ ಸ್ಕಾರ್ಫ್’ ಎಂದು ಮಾರುವ ಮಾಲಿಗೆ ಈ ಪರೀಕ್ಷೆ ಬೇಕೇ ಬೇಕು. ಎರಡನೇ ಮಹಾಯುದ್ಧದಲ್ಲಿ ಜಪಾನಿನ ರೇಷ್ಮೆ ಬರುವುದು ನಿಂತಾಗ ಮೈಸೂರು ಸೀಮೆಯ ರೇಷ್ಮೆಗೆ ಪ್ಯಾರಾಚೂಟಿಗಾಗಿ ಬೇಡಿಕೆ ಬಂತು. ಅದೇ ಹೊತ್ತಿಗೆ ಅಮೆರಿಕದವರು ನೈಲಾನಿಗೆ ಹೊರಳಿದರು. ಹೀಗಾಗಿ ಯುದ್ಧಕಾಲದ ಅಸಲಿ ತುಂಡು ಎರಡರಲ್ಲಿ ಯಾವುದೂ ಆಗಿರಬಹುದು. ಇನ್ನು ಠಸ್ಸೆ. ಬ್ರಿಟಿಷ್ ಸರ್ಕಾರದ ಮಾಲಿಗೆ ಅಗಲ ಬಾಣದ ಗುರುತು. ಹಿಂದೂಸ್ತಾನದಲ್ಲಿ ತಯಾರಾದದ್ದಾದರೆ ಬಾಣದ ಜೊತೆ ಇಂಗ್ಲಿಷಿನ ಐ ಅಕ್ಷರ. ಅನೇಕರು ಠಸ್ಸೆ ಕಂಡೊಡನೆ ಪರೀಕ್ಷೆ ಮುಗಿಯಿತೆಂದು ದುಡ್ಡು ಎಣಿಸುತ್ತಾರೆ. ಠಸ್ಸೆಯನ್ನು ಇವತ್ತು ಯಾವ ರಬ್ಬರ್ ಸ್ಟಾಂಪಿನ ಅಂಗಡಿಯಲ್ಲೂ ಮಾಡಿಸಬಹುದು. ಎಳೆಯನ್ನು ಮಾಡಿಸಲಾಗದು.

ಈ ಪದ್ಧತಿ ನಮ್ಮಲ್ಲಿ ಕೈಕೊಡುವುದು ನೇರಳಾತೀತ ಟಾರ್ಚಿನ ಪರೀಕ್ಷೆಯಲ್ಲಿ. ಬಟ್ಟೆಗೆ ಬಿಳುಪಿನ ಹೊಳಪು ಕೊಡುವ ರಾಸಾಯನಿಕಗಳು ನೂಲಿನಲ್ಲೂ ಸೋಪಿನ ಪುಡಿಯಲ್ಲೂ ವ್ಯಾಪಕವಾಗಿ ಸೇರಿದ್ದು ಎರಡನೇ ಮಹಾಯುದ್ಧದ ನಂತರ. ಆದ್ದರಿಂದ ಕತ್ತಲಕೋಣೆಯಲ್ಲಿ ಟಾರ್ಚು ಬಿಟ್ಟಾಗ ಬಟ್ಟೆ ನೀಲಿಬಿಳುಪಾಗಿ ಹೊಳೆದರೆ ಅದು ನಕಲಿ, ಮಂಕಾಗಿದ್ದರೆ ಅಸಲಿ ಎಂಬ ನಿಯಮ ಸಂಗ್ರಾಹಕರಲ್ಲಿ ಬಲವಾಗಿ ಬೇರೂರಿದೆ. ಇಂಗ್ಲೆಂಡಿನ ಅಟ್ಟದ ಪೆಟ್ಟಿಗೆಯಲ್ಲಿ ಎಪ್ಪತ್ತು ವರ್ಷ ನೀರು ಕಾಣದೆ ಮಲಗಿದ ಸ್ಕಾರ್ಫಿಗೆ ಈ ನಿಯಮ ಸರಿ. ನಮ್ಮ ಕಡೆ ಬಟ್ಟೆಯನ್ನು ಪೆಟ್ಟಿಗೆಯಲ್ಲಿ ಮಲಗಿಸುವಷ್ಟು ಸಿರಿವಂತಿಕೆ ಯಾರ ಮನೆಯಲ್ಲಿತ್ತು? ಬರ್ಮಾದ ಯುದ್ಧದಿಂದ ಬಂದ ಬಟ್ಟೆಯೂ ಹೊಲಕ್ಕೆ ಹೋಯಿತು, ಜಾತ್ರೆಗೆ ಹೋಯಿತು. 1959ರಲ್ಲಿ ಸರ್ಫ್ ಬಂದ ಮೇಲೆ ಅದರಲ್ಲಿ ನೆನೆಯಿತು, ಹಬ್ಬದ ಮುಂಚೆ ಟಿನೋಪಾಲ್ ನೀರಿನಲ್ಲಿ ಅದ್ದಿಸಿಕೊಂಡಿತು. ಅಂಥ ಅಸಲಿ ಬಟ್ಟೆ ಟಾರ್ಚಿನಡಿ ದೀಪದ ಹಾಗೆ ಹೊಳೆಯುತ್ತದೆ; ನಿಯಮ ಅದನ್ನು ನಕಲಿಯೆಂದು ಆಚೆ ತಳ್ಳುತ್ತದೆ. ಅತ್ತ, ಮೊನ್ನೆ ನೇಯ್ದು ಚಹಾದ ನೀರಿನಲ್ಲಿ ಅದ್ದಿದ ಕೋರಾ ಬಟ್ಟೆ ಮಂಕಾಗಿ ಕೂತು ಅಸಲಿಯೆನಿಸಿಕೊಳ್ಳುತ್ತದೆ. ಟಾರ್ಚನ್ನು ಬಿಡಬೇಕೆಂದು ನನ್ನ ವಾದವಲ್ಲ. ಬಟ್ಟೆಯೆಲ್ಲ ಮಂಕಾಗಿದ್ದು ಅಂಚಿನ ಹೊಲಿಗೆ ಮಾತ್ರ ಹೊಳೆದರೆ ನಿಜವಾಗಿ ಸಂಶಯಪಡಬೇಕು, ಏಕೆಂದರೆ ಅದು ಪಾಲಿಯೆಸ್ಟರ್ ನೂಲಿರಬಹುದು. ಪಾಲಿಯೆಸ್ಟರ್ ಕಂಡುಹಿಡಿದದ್ದು 1941ರಲ್ಲಾದರೂ ಅದು ಪೇಟೆಗೆ ಬಂದದ್ದು ಐವತ್ತರ ದಶಕದಲ್ಲಿ. ಆಗಲೂ ಬಿಚ್ಚಿಹೋದ ಅಂಚನ್ನು ಮನೆಯವರು ಆಮೇಲೆ ಹೊಲಿದರೇ ಎಂದು ಕೇಳದೆ ತೀರ್ಪು ಕೊಡಬಾರದು.

ಹೊಳಪಿಗಿಂತ ದೊಡ್ಡ ಅಪಾಯ ಕಥೆಯದು. ಬಟ್ಟೆ ಬಡವಾದಷ್ಟೂ ಮಾರುವವನ ಕಥೆ ಪುಷ್ಟವಾಗುತ್ತದೆ, ಕಥೆಗೆ ಬೇಕಾದ ಚರಿತ್ರೆ ನಮ್ಮ ಸೀಮೆಯಲ್ಲಿ ಧಾರಾಳವಾಗಿದೆ. 1786ರಲ್ಲಿ ಟಿಪ್ಪು ಆದೋನಿ ಕೋಟೆಗೆ ಮುತ್ತಿಗೆ ಹಾಕಿ ಗೆದ್ದದ್ದು ನಿಜ. ಅವನ ಸಿಪಾಯಿಗಳು ಹುಲಿಪಟ್ಟೆಯ ಬಟ್ಟೆ ತೊಡುತ್ತಿದ್ದದ್ದೂ ಆ ಕಾಲದ ಚಿತ್ರಗಳಲ್ಲಿ ಕಾಣುತ್ತದೆ. ಅಷ್ಟರಿಂದಲೇ ಪಟ್ಟೆಯಿರುವ ಹಳೆಯ ತುಂಡೆಲ್ಲ ಟಿಪ್ಪುವಿನ ದಂಡಿನದಾಗುವುದಿಲ್ಲ. ಮೊದಲ ಮಹಾಯುದ್ಧದಲ್ಲಿ ತುರ್ಕಿ ಕೈದಿಗಳ ಶಿಬಿರ ಬಳ್ಳಾರಿಯಲ್ಲಿತ್ತು. 1940ರಲ್ಲಿ ಹುಟ್ಟಿದ ಬೆಂಗಳೂರಿನ ವಿಮಾನ ಕಾರ್ಖಾನೆ 1943ರಿಂದ ಅಮೆರಿಕದ ವಾಯುಪಡೆಯ ದುರಸ್ತಿ ಕೇಂದ್ರವಾಗಿ ನಡೆಯಿತು. ಹಾಗೆಂದು ಬಳ್ಳಾರಿಯಲ್ಲಿ ಸಿಕ್ಕ ಕೆಂಪು ವಸ್ತ್ರವೆಲ್ಲ ತುರ್ಕಿಯದಲ್ಲ, ಬೆಂಗಳೂರಿನ ಬಿಳಿ ರೇಷ್ಮೆಯೆಲ್ಲ ವೈಮಾನಿಕರ ಕೊರಳಿನದಲ್ಲ. ಘಟನೆ ನಡೆದದ್ದು ನಿಜವೆಂದರೆ ಕೈಯಲ್ಲಿರುವ ಬಟ್ಟೆ ಅಲ್ಲಿತ್ತು ಎಂದಾಗುವುದಿಲ್ಲ. ಈ ಎರಡರ ನಡುವಿನ ಕೊಂಡಿಯನ್ನು ಯಾರು, ಯಾವಾಗ, ಯಾರಿಂದ ಕೇಳಿ ಬರೆದುಕೊಂಡರು ಎಂಬುದೇ ಮುಖ್ಯ.

ನಕಾಶೆ ಸ್ಕಾರ್ಫುಗಳ ಕಥೆ ಇದಕ್ಕೆ ಒಳ್ಳೆಯ ಪಾಠ. ಶತ್ರುವಿನ ನೆಲದಲ್ಲಿ ಸಿಕ್ಕಿಬಿದ್ದವರು ತಪ್ಪಿಸಿಕೊಂಡು ಬರಲೆಂದು ಬ್ರಿಟಿಷರ ಎಂಐ9 ಗುಪ್ತದಳ ರೇಷ್ಮೆಯ ಮೇಲೆ, ಆಮೇಲೆ ರೇಯಾನಿನ ಮೇಲೆ ನಕಾಶೆ ಅಚ್ಚು ಹಾಕಿಸಿತು. ಬರ್ಮಾದ ಮೇಲೆ ಹಾರುವವರಿಗೂ ಅಂಥವು ಇದ್ದವು. ಮಡಿಸಿದರೆ ಸದ್ದಾಗದು, ನೆನೆದರೂ ಹರಿಯದು. ಯುದ್ಧ ಮುಗಿದ ಮೇಲೆ ಉಳಿದ ಮಾಲು ಅಗ್ಗಕ್ಕೆ ಪೇಟೆಗೆ ಬಂತು, ಬಟ್ಟೆಯ ಬರಗಾಲವಿದ್ದ ಇಂಗ್ಲೆಂಡಿನ ಹೆಂಗಸರು ಅಂಚು ಹೊಲಿದು ತಲೆಗೆ ಕಟ್ಟಿದರು, ರವಿಕೆ ಹೊಲಿಸಿದರು. ಹೊಲಿದ ಅಂಚಿನ ನಕಾಶೆಗೆ ‘ಕೆಟ್ಟುಹೋದದ್ದು’ ಎಂದು ಬೆಲೆ ಇಳಿಸುವ ಸಂಗ್ರಾಹಕರ ರೂಢಿ ನನಗೆ ಒಪ್ಪಿಗೆಯಿಲ್ಲ. ಆ ಹೊಲಿಗೆ ಆ ಕಾಲದ ಮನೆಗಳ ದಾಖಲೆ.

ಆದೋನಿಯ ಹಳ್ಳಿಗಳಲ್ಲಿ ಇಂಥ ದಾಖಲೆಯ ಹೆಸರು ಕೌದಿ. ಹಳೆಯ ಸೀರೆ, ಧೋತರ, ಅಂಗಿಗಳ ತುಂಡುಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ಒಳಕ್ಕೆ ಸಣ್ಣ ಹೊಲಿಗೆ ಹಾಕುತ್ತ ಬರುವ ಹೆಂಗಸರು ಯಾವ ತುಂಡನ್ನೂ ಬಿಸಾಡಿದವರಲ್ಲ. ದಪ್ಪ ಖಾಕಿ ಬಟ್ಟೆಯೆಂದರೆ ಕೌದಿಗೆ ಬಾಳಿಕೆ. ಕೌದಿಗೆ ಸೇರದ್ದು ಸ್ಟೀಲ್ ಪಾತ್ರೆಯವಳ ಬುಟ್ಟಿಗೆ ಹೋಯಿತು. ಒಂದು ಡಬರಿಗೆ ಎಷ್ಟು ಸೀರೆ, ಎಷ್ಟು ಪ್ಯಾಂಟು ಎಂಬ ಲೆಕ್ಕದಲ್ಲಿ ಪಲ್ಟನ್ನಿನ ಬಟ್ಟೆಯೂ ಬೆರೆತುಹೋಯಿತು. ಠಸ್ಸೆ ಕೆಡದ, ಮಡಿಕೆ ಬಿಚ್ಚದ ಮಾಲನ್ನೇ ಹುಡುಕುವವನಿಗೆ ಇಲ್ಲಿ ಏನೂ ಸಿಗುವುದಿಲ್ಲ. ‘ಆ ಕಡೆ ಏನೂ ಇಲ್ಲ’ ಎಂದು ಅವನು ಬರೆದುಬಿಡುತ್ತಾನೆ. ಅದು ಸುಳ್ಳು. ತೊಡದೆ ಉಳಿದ ಸ್ಕಾರ್ಫು ಗೋದಾಮಿನ ಚರಿತ್ರೆಯನ್ನಷ್ಟೇ ಹೇಳಬಲ್ಲದು. ತೊಟ್ಟು, ತೊಳೆದು, ಹರಿದು, ಕೌದಿಯಾದದ್ದು ಮನುಷ್ಯರ ಚರಿತ್ರೆ ಹೇಳುತ್ತದೆ.

ಹಾಗಂತ ಊರಾಭಿಮಾನಕ್ಕೂ ಕಡಿವಾಣ ಬೇಕು. ಖಾಕಿಯೆಂದರೆ ಮಿಲಿಟರಿಯೇ ಅಲ್ಲ. ಪೊಲೀಸರದು, ಬಸ್ಸಿನವರದು, ಫಾರೆಸ್ಟಿನವರದು ಅದೇ ಬಣ್ಣ. ಖಾಕಿ ಹುಟ್ಟಿದ್ದು ಮಂಗಳೂರಿನಲ್ಲಿ ಎಂದು ಕನ್ನಡಿಗರು ಹೆಮ್ಮೆಪಡುತ್ತೇವೆ. ಆದರೆ ಪೇಶಾವರದ ಗೈಡ್ಸ್ ಪಡೆಗೆ ಬ್ರಿಟಿಷ್ ಅಧಿಕಾರಿ ಲಮ್ಸ್‌ಡೆನ್ ಮಣ್ಣುಬಣ್ಣ ತೊಡಿಸಿದ್ದು 1840ರ ದಶಕದ ಕೊನೆಗೇ; ಬಾಸೆಲ್ ಮಿಶನ್ನಿನ ಜಾನ್ ಹಾಲರ್ ಮಂಗಳೂರಿಗೆ ಬಂದದ್ದು 1851ರಲ್ಲಿ. ಮಗ್ಗದ ಬಟ್ಟೆಗೆ ಹಿಡಿದು ನಿಲ್ಲುವ ಖಾಕಿ ಬಣ್ಣ ಕೊಟ್ಟ ಕೀರ್ತಿ ಹಾಲರ್‌ಗೆ ಸಲ್ಲಲಿ, ಅದು ಸಣ್ಣ ಕೀರ್ತಿಯಲ್ಲ. ಹಾಗೆಯೇ ಆದೋನಿಯ ಹತ್ತಿ ‘ವೆಸ್ಟರ್ನ್ಸ್’ ಎಂಬ ಹೆಸರಿನಲ್ಲಿ ದೂರದ ಪೇಟೆಗಳಿಗೆ ಹೋಗುತ್ತಿತ್ತು, ಆದರೆ ಗಿರಣಿಯಲ್ಲಿ ಹತ್ತಾರು ಊರಿನ ಹತ್ತಿ ಬೆರೆಯುತ್ತದೆ. ಸ್ಕಾರ್ಫನ್ನು ಮುಟ್ಟಿ ಇದು ನಮ್ಮ ಎರೆಮಣ್ಣಿನದು ಎಂದು ಹೇಳಲು ಬರುವುದಿಲ್ಲ. ಮಚಾನಿ ಸೋಮಪ್ಪನವರು 1938ರಲ್ಲಿ ಕಟ್ಟಿದ ಎಮ್ಮಿಗನೂರಿನ ನೇಕಾರರ ಸಹಕಾರ ಸಂಘದ ಟವಲ್ಲುಗಳನ್ನೂ ದಂಡಿನ ಬಟ್ಟೆಯೆಂದು ಎತ್ತಿಡುವ ಮುಂಚೆ ಅಂಚಿನ ನೇಯ್ಗೆ ನೋಡಬೇಕು: ಕೈಮಗ್ಗದ ಅಂಚು ಗಿರಣಿಯ ಅಂಚಿನಷ್ಟು ನೆಟ್ಟಗಿರುವುದಿಲ್ಲ.

ಇನ್ನೊಂದು ಮಾತು ಕಾನೂನಿನದು. 1914–18ರ ಬಟ್ಟೆಗೆ ಈಗ ನೂರು ವರ್ಷ ದಾಟಿದೆ. 1972ರ ಪುರಾತನ ವಸ್ತುಗಳ ಕಾಯ್ದೆ ಅಂಥ ವಸ್ತುಗಳನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವುದನ್ನು ತಡೆಯುತ್ತದೆ. ಇಲ್ಲಿ ಕೊಂಡು ಹೊರಗೆ ಮಾರುವವರು ಇದನ್ನು ಕೇಳಿಸಿಕೊಂಡಂತೆ ಕಾಣುವುದಿಲ್ಲ.

ಸಂಗ್ರಾಹಕರಲ್ಲಿ ನನ್ನ ಬೇಡಿಕೆ ಇಷ್ಟೇ: ಕೌದಿಯಿಂದ ಖಾಕಿಯ ತುಂಡು ಬಿಚ್ಚಿ ಕೊಳ್ಳಬೇಡಿ. ಎರಡೂ ಮಗ್ಗುಲಿನ ಫೋಟೊ ತೆಗೆಯಿರಿ, ಹೊಲಿದವರ ಹೆಸರು ಕೇಳಿ, ಯಾರ ಬಟ್ಟೆ, ಯಾವ ಪಲ್ಟನ್ನು, ಊರಿಗೆ ಎಂದು ಬಂದರು ಎಂಬುದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಆಮೇಲೆ ಬಳ್ಳಾರಿಗೆ ಹೋಗಿ. 1953ರ ಅಕ್ಟೋಬರ್ 1ರವರೆಗೆ ಆದೋನಿಯೂ ಆಲೂರೂ ಅದೇ ಜಿಲ್ಲೆಯಲ್ಲಿದ್ದವು. ಇಂದು ಜೀನ್ಸ್‌ಗೆ ಹೆಸರಾದ ಅಲ್ಲಿನ ಹೊಲಿಗೆ ಕಸುಬು ಬ್ರಿಟಿಷ್ ದಂಡಿನ ಬಟ್ಟೆ ಹೊಲಿಯುವುದರಿಂದ ಬೆಳೆಯಿತೆಂದು ದರ್ಜಿ ಮನೆತನಗಳಲ್ಲಿ ಹೇಳುತ್ತಾರೆ. ಕೈಹೊಲಿಗೆ ಯಾವುದು, ಮಷಿನ್ನಿನದು ಯಾವುದು, ಯಾವ ಮಡಿಕೆ ಆರ್ಡರಿನದು, ಯಾವುದು ಮನೆಯದು ಎಂದು ಬೆರಳಾಡಿಸಿ ಹೇಳಬಲ್ಲ ಹಿರಿಯರು ಅಂಥ ಮನೆಗಳಲ್ಲಿ ಸಿಕ್ಕಾರು. ಈ ಹವ್ಯಾಸದ ಕ್ಯಾಟಲಾಗುಗಳು ಪಲ್ಟನ್ನುಗಳ ಹೆಸರಿನಿಂದ ತುಂಬಿವೆ. ಹೊಲಿದವರಿಗಾಗಿ ಅವುಗಳಲ್ಲಿ ಒಂದು ಅಂಕಣವನ್ನಾದರೂ ತೆರೆಯಬೇಕು.