ಪಹಣಿಯನ್ನು ಇಂದಿಗೆ ತರುವವರು

ಶಿಕಾರಿಪುರದ ಬಳ್ಳಿಗಾವಿ, ಸೊರಬದ ಕುಪ್ಪಟೂರುಗಳ ಶಾಸನಗಳಲ್ಲಿ ದಾನ ಕೊಟ್ಟ ಭೂಮಿಯ ಲೆಕ್ಕವಿದೆ; ಶಾಸನತಜ್ಞ ಬಿ.ಎಲ್. ರೈಸ್ 1902 ಮತ್ತು 1904ರಲ್ಲಿ ಈ ತಾಲ್ಲೂಕುಗಳ ಶಾಸನಗಳನ್ನು ಅಚ್ಚು ಹಾಕಿಸಿದರು. ಬರೆದದ್ದನ್ನು ಉಳಿಸುವುದರಲ್ಲಿ ಕಲ್ಲನ್ನು ಮೀರಿಸುವುದು ಕಷ್ಟ. ಆ ಗದ್ದೆ ಆಮೇಲೆ ಯಾರ ಕೈಸೇರಿತೆಂದು ಮಾತ್ರ ಕಲ್ಲು ಹೇಳದು. ನನ್ನ ಮೆಚ್ಚುಗೆ ಹಾಗಾಗಿ ಹಕ್ಕು ಬದಲಾವಣೆಯ (ಮ್ಯುಟೇಶನ್) ಕೆಲಸಕ್ಕೆ. ಭೂಮಿ ಯೋಜನೆ ಪಹಣಿಯನ್ನು ಕಂಪ್ಯೂಟರಿಗೆ ಏರಿಸಿ ಎರಡು ದಶಕ ದಾಟಿತು. ಆದರೆ ಕಂಪ್ಯೂಟರಿನ ಬ್ಯಾಕಪ್ ಕೂಡ ಕಾಯುವುದು ಬರೆದದ್ದನ್ನು ಮಾತ್ರ; ತೀರಿಕೊಂಡ ಅಜ್ಜನ ಹೆಸರೇ ಅದರಲ್ಲಿದ್ದರೆ ಎಷ್ಟು ಪ್ರತಿ ಇಟ್ಟರೂ ಅಷ್ಟರಲ್ಲೂ ಅಜ್ಜನೇ ಖಾತೆದಾರ.

ನೋಂದಣಿ ಕಚೇರಿಯ ಕಾವೇರಿ ತಂತ್ರಾಂಶ ಭೂಮಿಗೆ ಜೋಡಣೆಯಾಗಿದೆಯಲ್ಲ, ಇನ್ನು ಮನುಷ್ಯರ ಕೈ ಏಕೆ ಎನ್ನುವವರಿದ್ದಾರೆ. ಮಾರಾಟಕ್ಕೆ ಆ ಮಾತು ಒಪ್ಪುತ್ತದೆ. ಸಾವಿಗೆ ಕ್ರಯಪತ್ರವಿಲ್ಲ: ಪೌತಿ ಖಾತೆಗೆ ವಂಶವೃಕ್ಷ ಬೇಕು, ಗ್ರಾಮ ಆಡಳಿತಾಧಿಕಾರಿಯ ವಿಚಾರಣೆ ಬೇಕು, ನೋಟಿಸು ಹೊರಡಿಸಿ ತಕರಾರಿಗೆ ಕಾಯಬೇಕು. ಇದರಿಂದ ಅಲೆದಾಟ ಹೆಚ್ಚುತ್ತದೆ, ಲಂಚಕ್ಕೂ ಸಂದು ಸಿಗುತ್ತದೆ ಎಂಬ ದೂರು ಸುಳ್ಳಲ್ಲ. ಆದರೂ ಆ ಕಾಯುವಿಕೆಯನ್ನೇ ತೆಗೆದುಹಾಕಿದರೆ ಅಣ್ಣನೊಬ್ಬನ ಅರ್ಜಿಯಲ್ಲಿ ತಂಗಿಯ ಪಾಲು ಸದ್ದಿಲ್ಲದೆ ಮಾಯವಾದೀತು. ಒಳ್ಳೆಯ ತಿದ್ದುಪಡಿ ಹಳೆಯದನ್ನು ಅಳಿಸುವುದಿಲ್ಲ; ಹೆಸರು ಯಾವ ಆಧಾರದ ಮೇಲೆ ಬದಲಾಯಿತೆಂಬುದು ಮ್ಯುಟೇಶನ್ ರಿಜಿಸ್ಟರಿನಲ್ಲಿ ಉಳಿಯುತ್ತದೆ, ಮುಂದೆ ವ್ಯಾಜ್ಯ ಬಂದಾಗ ಎರಡೂ ಕಡೆಯವರು ಕೇಳುವುದು ಅದರ ನಕಲನ್ನೇ.