ಖಳನಿಲ್ಲದ ದುರಂತ

ಚಾಲೆಂಜರ್ ವ್ಯೋಮನೌಕೆ 1986ರ ಜನವರಿ 28ರಂದು ಮೇಲೇರಿದ 73 ಸೆಕೆಂಡುಗಳಲ್ಲಿ ಛಿದ್ರವಾಗಿ ಏಳು ಮಂದಿ ಸತ್ತರು. ಹಾರಿಸುವ ನಿರ್ಧಾರ ಹೇಗಾಯಿತೆಂದು ಶೋಧಿಸಿದ ಸಮಾಜಶಾಸ್ತ್ರಜ್ಞೆ ಡಯೇನ್ ವಾನ್ ಅವರ ಗ್ರಂಥ, ‘ದಿ ಚಾಲೆಂಜರ್ ಲಾಂಚ್ ಡಿಸಿಷನ್’, 1996ರಲ್ಲಿ ಹೊರಬಂತು. ಖಳರನ್ನು ಹುಡುಕಹೊರಟ ಓದುಗನಿಗೆ ಇಲ್ಲಿ ನಿರಾಶೆಯೇ ಗತಿ. ಎಲ್ಲರೂ ನಿಯಮದಂತೆ ನಡೆದೇ ಅನಾಹುತವನ್ನು ಮುಟ್ಟಿದರೆಂಬುದು ಲೇಖಕಿಯ ವಾದ. ರಾಕೆಟ್ಟಿನ ಬೆಸುಗೆಯ ರಬ್ಬರ್ ಉಂಗುರ ಒಮ್ಮೆ ಸುಟ್ಟಿತು, ನೌಕೆ ಕ್ಷೇಮವಾಗಿ ಮರಳಿತು. ಮತ್ತೆ ಸುಟ್ಟಿತು, ಮತ್ತೆ ಮರಳಿತು. ಕ್ರಮೇಣ ಸುಡುವುದೇ ವಾಡಿಕೆಯಾಯಿತು. ಈ ಭಾಗದ ನಿರೂಪಣೆ ಅಪೂರ್ವವಾದುದು. (ನಮ್ಮ ಕಚೇರಿಗಳನ್ನು ಬಲ್ಲವರಿಗೆ ಅಷ್ಟೇನೂ ಹೊಸದಲ್ಲ!)

ಆದರೆ ರಾಕೆಟ್ ತಯಾರಿಸಿದ ಸಂಸ್ಥೆಯ ಎಂಜಿನಿಯರ್ ರೋಜರ್ ಬೋಜೊಲೆ 1985ರ ಜುಲೈ 31ರಂದೇ ಅನಾಹುತದ ಎಚ್ಚರಿಕೆ ಬರೆದುಕೊಟ್ಟಿದ್ದರು. ಉಡಾವಣೆಯ ಹಿಂದಿನ ರಾತ್ರಿ, ಚಳಿಯಲ್ಲಿ ಉಂಗುರ ಸರಿಯಾಗಿ ಕೂರದೆಂದು ಸಂಗಡಿಗರೊಡನೆ ವಾದಿಸಿದರು. ಹಾರಿಸುವುದು ಕ್ಷೇಮವೆಂದು ತೋರಿಸಬೇಕಾದವರು ಸುಮ್ಮನಿದ್ದು, ಅಪಾಯವನ್ನು ಸಾಧಿಸಿ ತೋರಿಸುವ ಹೊರೆ ಈ ಎಂಜಿನಿಯರುಗಳ ತಲೆಗೆ ಬಂತು. ಕೊನೆಗೆ ಅವರನ್ನು ಬದಿಗಿರಿಸಿ ಮೇಲಧಿಕಾರಿಗಳೇ ನಿರ್ಧರಿಸಿದರು. ತನಿಖಾ ಆಯೋಗದ ಮುಂದೆ ನಿಜ ನುಡಿದ ಬೋಜೊಲೆ ಸಂಸ್ಥೆಯಲ್ಲಿ ಒಂಟಿಯಾದರು. ದಿನವೂ ಜತೆಗಿದ್ದವರೇ ಮುಖ ತಿರುಗಿಸಿದರು. ಕಡೆಗೆ ಕೆಲಸ ಬಿಟ್ಟರು.

ಇವರನ್ನೂ ಇವರ ಮಾತನ್ನು ತಳ್ಳಿಹಾಕಿದವರನ್ನೂ ‘ಸಂಸ್ಥೆಯ ಸಂಸ್ಕೃತಿ’ ಎಂಬ ಒಂದೇ ಚೀಲಕ್ಕೆ ತುಂಬಿದರೆ ಹೇಗೆ? ವಾಡಿಕೆ ಅಷ್ಟು ಬಲವಾದುದಾದರೆ, ಅದೇ ಸಂಸ್ಥೆಯ ಅನ್ನ ಉಂಡ ಬೋಜೊಲೆ ಆ ರಾತ್ರಿ ಅದನ್ನು ಮೀರಿದ್ದು ಹೇಗೆ? ಐನೂರು ಪುಟ ದಾಟಿದ ಈ ಗ್ರಂಥದಲ್ಲಿ ನನಗೆ ತೃಪ್ತಿಯಾಗುವ ಉತ್ತರ ದೊರೆಯಲಿಲ್ಲ.