ತರಗತಿಯಲ್ಲಿ ಯಶೋಧರ ಚರಿತೆ: ಒಂದು ಮರುನೋಟ

ಕನ್ನಡ ಎಂ.ಎ. ಪದವಿಗಾಗಿ ಓದಿದವರಲ್ಲಿ ಜನ್ನನ ಹೆಸರನ್ನು ಕೇಳದವರು ವಿರಳ. ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿದ್ದು ‘ಕವಿಚಕ್ರವರ್ತಿ’ ಎನಿಸಿಕೊಂಡ ಈ ಕವಿ ಕ್ರಿ.ಶ. ೧೨೦೯ರಲ್ಲಿ ‘ಯಶೋಧರ ಚರಿತೆ’ಯನ್ನೂ ೧೨೩೦ರಲ್ಲಿ ‘ಅನಂತನಾಥ ಪುರಾಣ’ವನ್ನೂ ರಚಿಸಿದನು. ಮೊದಲನೆಯದು ಗಾತ್ರದಲ್ಲಿ ಕಿರಿದು. ಬಹುಮಟ್ಟಿಗೆ ಕಂದಪದ್ಯಗಳಲ್ಲಿ ಸಾಗಿ ನಾಲ್ಕು ಅವತಾರಗಳಲ್ಲಿ ಮುಗಿಯುತ್ತದೆ. ಪಠ್ಯವಾಗಿಡಲು ಅನುಕೂಲವಾದ ಕೃತಿ. ಆದರೆ ತರಗತಿಯನ್ನು ಬಿಟ್ಟು ಎರಡು ಮೂರು ದಶಕಗಳು ಕಳೆದ ಪದವೀಧರನನ್ನು, ಆ ಕಾವ್ಯದಲ್ಲಿ ಏನು ನೆನಪಿದೆ ಎಂದು ಕೇಳಿದರೆ ದೊರೆಯುವ ಉತ್ತರ ಸಾಮಾನ್ಯವಾಗಿ ಒಂದೇ: ನಡುರಾತ್ರಿಯ ಗಾನ, ಅದಕ್ಕೆ ಮನಸೋತ ರಾಣಿ ಅಮೃತಮತಿ, ವಿಕಾರರೂಪಿನ ಮಾವಟಿಗ ಅಷ್ಟಾವಂಕ. ಹಿಟ್ಟಿನ ಕೋಳಿ ನೆನಪಿನ ಅಂಚಿನಲ್ಲೆಲ್ಲೋ ಇರುತ್ತದೆ. ಭವಾವಳಿ ಮರೆತುಹೋಗಿರುತ್ತದೆ. ಇಷ್ಟೆಲ್ಲ ಕಥೆಯನ್ನು ಹೇಳಿದ್ದು ಯಾರು, ಯಾರಿಗೆ ಎಂಬುದಂತೂ ಪ್ರಶ್ನೆಯಾಗಿಯೂ ಉಳಿದಿರುವುದಿಲ್ಲ.

ಈ ಮರೆವು ವಿದ್ಯಾರ್ಥಿಯ ದೋಷವೆನ್ನುವುದಕ್ಕಿಂತ ಓದಿದ ಕ್ರಮದ ಫಲವೆನ್ನುವುದೇ ನ್ಯಾಯ.

ಮೊದಲಿಗೆ ವಿಶ್ವವಿದ್ಯಾನಿಲಯದ ಋಣವನ್ನು ಒಪ್ಪಿಕೊಳ್ಳಬೇಕು. ೧೯೧೬ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ತರಗತಿಗಳು ಆರಂಭವಾದದ್ದು ೧೯೨೭ರಲ್ಲಿ. ಕುವೆಂಪು, ಡಿ.ಎಲ್. ನರಸಿಂಹಾಚಾರ್ಯರು ಮೊದಲ ತಂಡದ ವಿದ್ಯಾರ್ಥಿಗಳು. ಅದೇ ನರಸಿಂಹಾಚಾರ್ಯರು ಮುಂದೆ ‘ವಡ್ಡಾರಾಧನೆ’ಯನ್ನು ಸಂಪಾದಿಸಿ ೧೯೪೯ರಲ್ಲಿ ಪ್ರಕಟಿಸಿ, ಅದರ ಹತ್ತೊಂಬತ್ತು ಕಥೆಗಳನ್ನು ಓದುಗರ ಕೈಗೆ ಇತ್ತರು. ಭಂಡಾರಗಳ ಓಲೆಗರಿಯಲ್ಲಿದ್ದ ಜೈನ ಕಾವ್ಯಗಳನ್ನು ಜಾತಿಮತಗಳ ಭೇದವಿಲ್ಲದೆ ಪ್ರೀತಿಯಿಂದ ಓದಿ, ಪಾಠ ಹೇಳಿ, ನಾಡಿನ ಸೊತ್ತಾಗಿಸಿದ್ದು ಇಂತಹ ವಿದ್ವಾಂಸರ ಪರಂಪರೆ. ಆ ಪರಿಶ್ರಮವಿಲ್ಲದಿದ್ದರೆ ಪಂಪ, ರನ್ನ, ಜನ್ನರ ಹೆಸರುಗಳು ಶ್ರಾವಕರ ಮನೆಗಳಲ್ಲಿಯೂ ಕೇಳಿಬರುತ್ತಿದ್ದವೋ ಇಲ್ಲವೋ ಸಂದೇಹ.

ಆದರೆ ಪಠ್ಯಕ್ರಮಕ್ಕೆ ಆಯ್ಕೆ ಅನಿವಾರ್ಯ. ಆಯ್ಕೆಯ ಹಿಂದೆ ಒಂದು ರುಚಿ ಇದ್ದೇ ಇರುತ್ತದೆ. ತನ್ನ ಎರಡು ಕಾವ್ಯಗಳಲ್ಲಿ ಒಂದರಲ್ಲಿ ಲೌಕಿಕವನ್ನೂ ಇನ್ನೊಂದರಲ್ಲಿ ಜಿನಾಗಮವನ್ನೂ ಬೆಳಗುವೆನೆಂದು ಪಂಪನೇ ಹೇಳಿಕೊಂಡದ್ದುಂಟು. ಕಾವ್ಯ ಬೇರೆ, ಧರ್ಮ ಬೇರೆ ಎಂಬ ವಿಭಜನೆಗೆ ಈ ಮಾತು ಒಂದು ಆಧಾರವಾಗಿ ಒದಗಿತು. ‘ಆದಿಪುರಾಣ’ದಲ್ಲಿ ನೀಲಾಂಜನೆಯ ನೃತ್ಯ, ಭರತ ಬಾಹುಬಲಿಗಳ ಪ್ರಸಂಗ ಕಾವ್ಯವೆನಿಸಿದವು, ಉಳಿದದ್ದು ಪುರಾಣದ ಹೊರೆಯೆನಿಸಿತು. ‘ಯಶೋಧರ ಚರಿತೆ’ಯಲ್ಲಿಯೂ ಹೀಗೆಯೇ ಆಯಿತು. ಅಮೃತಮತಿಯ ಪ್ರಸಂಗ ಕಾವ್ಯದ ಸಾರವೆನಿಸಿತು; ಜನ್ಮಜನ್ಮಾಂತರಗಳ ವೃತ್ತಾಂತ ಮತಪ್ರಚಾರವೆನಿಸಿತು. ಇದೇ ಕಥೆಯ ಎಳೆಯನ್ನು ಹಿಡಿದು ಗಿರೀಶ ಕಾರ್ನಾಡರು ೧೯೮೦ರಲ್ಲಿ ‘ಹಿಟ್ಟಿನ ಹುಂಜ’ ನಾಟಕವನ್ನು ರಚಿಸಿದಾಗ ರಾಜ, ರಾಣಿ, ರಾಜಮಾತೆ, ಮಾವುತ ಎಂಬ ನಾಲ್ವರಲ್ಲಿಯೇ ಅದನ್ನು ಕೇಂದ್ರೀಕರಿಸಿದರು. ಹೊಸ ಕೃತಿಯನ್ನು ಕಟ್ಟುವ ನಾಟಕಕಾರನಿಗೆ ಆ ಸ್ವಾತಂತ್ರ್ಯ ಸಲ್ಲುತ್ತದೆ. ಜನ್ನನನ್ನೇ ಓದುತ್ತೇವೆಂದು ಹೊರಟ ತರಗತಿಗೆ ಅದು ಸಲ್ಲುವುದೇ ಎಂಬುದು ವಿಚಾರಾರ್ಹ.

ತರಗತಿಗಳಲ್ಲಿ ಸಹಜವಾಗಿಯೇ ಏಳುವ ಪ್ರಶ್ನೆಯೊಂದಿದೆ: ಹಿಟ್ಟಿನ ಮುದ್ದೆಯನ್ನು ಕತ್ತರಿಸಿದ್ದಕ್ಕೆ ಇಷ್ಟೊಂದು ಜನ್ಮಗಳ ಯಾತನೆಯೇ? ಪ್ರಶ್ನೆ ಹಾಸ್ಯದಂತೆ ಕಂಡರೂ ಪ್ರಾಮಾಣಿಕವಾದುದು. ‘ಸಂಕಲ್ಪಹಿಂಸೆಯೂ ಹಿಂಸೆಯೇ’ ಎಂಬ ಒಂದು ವಾಕ್ಯದ ಸಮಾಧಾನ ಅದಕ್ಕೆ ದೊರೆಯುತ್ತದೆ. ವಿದ್ಯಾರ್ಥಿ ಅದನ್ನು ಬರೆದುಕೊಂಡು, ಪರೀಕ್ಷೆಯಲ್ಲಿ ಒಪ್ಪಿಸಿ, ಮರೆಯುತ್ತಾನೆ. ವಾಕ್ಯವೇನೋ ಸರಿಯೇ. ಪ್ರಮಾದಕ್ಕೊಳಗಾದ ಮನೋವಾಕ್ಕಾಯಗಳಿಂದ ಪ್ರಾಣಹಾನಿ ಮಾಡುವುದೇ ಹಿಂಸೆಯೆಂದು ‘ತತ್ತ್ವಾರ್ಥಸೂತ್ರ’ ಹೇಳಿದರೆ, ರಾಗಾದಿಗಳು ಮನದಲ್ಲಿ ತಲೆದೋರುವುದೇ ಹಿಂಸೆಯೆಂದು ಅಮೃತಚಂದ್ರಸೂರಿಗಳು ಇನ್ನೂ ಒಳಕ್ಕೆ ಹೋಗುತ್ತಾರೆ. ಆದರೆ ಜನ್ನ ಸೂತ್ರಕಾರನಲ್ಲ, ಕವಿ. ಅವನ ಉತ್ತರ ಕಥೆಯ ಹೆಣಿಗೆಯಲ್ಲಿಯೇ ಇದೆ.

ರಾಣಿಯ ಹಿಂದೆಯೇ ಹೋಗಿ ಎಲ್ಲವನ್ನೂ ಕಣ್ಣಾರೆ ಕಂಡ ಯಶೋಧರ, ಇಬ್ಬರನ್ನೂ ಕೊಲ್ಲಲು ಕತ್ತಿಯನ್ನೆತ್ತಿ, ತನ್ನನ್ನು ತಡೆದುಕೊಂಡು ಹಿಂದಿರುಗುತ್ತಾನೆ. ತರಗತಿ ಇದನ್ನು ಸಂಯಮವೆಂದು ಹೊಗಳಿ ಮುಂದೆ ಸಾಗುತ್ತದೆ. ಮರುದಿನ ತಾಯಿ ಚಂದ್ರಮತಿಯ ಮುಂದೆ ಅವನು ಕಂಡ ಸತ್ಯವನ್ನು ಮರೆಮಾಚಿ ಅದಕ್ಕೆ ಕನಸಿನ ರೂಪ ಕೊಡುತ್ತಾನೆ. ತಾಯಿ ಅದನ್ನು ದುಃಸ್ವಪ್ನವೆಂದೇ ನಂಬಿ ಶಾಂತಿಗಾಗಿ ಬಲಿಯನ್ನು ಕೇಳುತ್ತಾಳೆ. ಜೀವಬಲಿಗೆ ಒಪ್ಪದ ಮಗ, ತಾಯಿಯ ಮಾತನ್ನು ಮೀರಲಾರದೆ ಹಿಟ್ಟಿನ ಕೋಳಿಗೆ ಒಪ್ಪುತ್ತಾನೆ. ಅಂದರೆ, ಹಿಂಸೆಯ ಬಾಗಿಲನ್ನು ತೆರೆದದ್ದು ಒಂದು ಅಸತ್ಯ. ಒಳಕ್ಕೆ ಬರಮಾಡಿಕೊಂಡದ್ದು ದಾಕ್ಷಿಣ್ಯ. ಆ ಕೋಳಿಯ ಚೆಲುವಿಗೆ ಬೆರಗಾಗಿ ಭೂತವೊಂದು ಅದನ್ನು ಹೊಕ್ಕಿದ್ದಿತು. ಕತ್ತಿ ತಗುಲಿದೊಡನೆ ಹಿಟ್ಟು ಕೂಗಿತು. ಆ ಕೂಗಿನಿಂದ, ತಾನು ಕತ್ತರಿಸಿದ್ದು ಹಿಟ್ಟನ್ನಲ್ಲ ಎಂಬುದು ಅರಸನಿಗೆ ತಿಳಿಯಿತು.

ಇನ್ನು ‘ಹೊರೆ’ಯೆನಿಸಿದ ಭವಾವಳಿ. ರಾಣಿಯಿಕ್ಕಿದ ವಿಷದಿಂದ ಸತ್ತ ಮಗನೂ ತಾಯಿಯೂ ನವಿಲು, ನಾಯಿ, ಹಾವು, ಮೀನು, ಮೊಸಳೆ, ಆಡು, ಕೋಣ, ಕೋಳಿ ಮೊದಲಾದ ಜನ್ಮಗಳಲ್ಲಿ ತೊಳಲುತ್ತಾರೆ. ನವಿಲಾದ ಯಶೋಧರ ಅಮೃತಮತಿ ಅಷ್ಟಾವಂಕರ ಕೂಟವನ್ನು ಕಂಡು ಕೆರಳಿ ಎರಗುತ್ತಾನೆ; ಪೆಟ್ಟು ತಿಂದು ಬಿದ್ದವನನ್ನು, ನಾಯಿಯಾಗಿ ಹುಟ್ಟಿದ ತಾಯಿಯೇ ಕಚ್ಚಿ ಕೊಲ್ಲುತ್ತಾಳೆ. ಅಂದು ಒರೆಗೆ ಸೇರಿದ್ದು ಕತ್ತಿ ಮಾತ್ರ. ಕ್ರೋಧ ಒರೆಗೆ ಸೇರಿರಲಿಲ್ಲ. ಈ ಪ್ರಸಂಗವನ್ನು ಬಿಟ್ಟು ಓದಿದವನಿಗೆ ಮೊದಲಿನ ಸಂಯಮದ ನಿಜವಾದ ಬೆಲೆ ತಿಳಿಯುವುದಿಲ್ಲ. ಪಿತೃಗಳ ಸದ್ಗತಿಗೆಂದು ಮಗ ಯಶೋಮತಿ ಮಾಡಿಸುವ ಶ್ರಾದ್ಧಕ್ಕೆ ಆ ಪಿತೃವೇ ಮಾಂಸವಾಗುವ ಘೋರ ವ್ಯಂಗ್ಯವೂ ಇಲ್ಲಿಯೇ ಇದೆ. ಮತಪ್ರಚಾರವೆಂದು ಬದಿಗಿರಿಸಿದ ಭಾಗದಲ್ಲಿಯೇ ಕಾವ್ಯದ ತೀಕ್ಷ್ಣವಾದ ದೃಷ್ಟಿ ಅಡಗಿದೆ ಎಂದಂತಾಯಿತು.

ಎಲ್ಲಕ್ಕಿಂತ ಮಿಗಿಲಾದ ನಷ್ಟ ಕೇಳುಗನದು. ಚಂಡಮಾರಿಯ ಗುಡಿಯಲ್ಲಿ ಬಲಿಗೆಂದು ಹಿಡಿದುತಂದ ಅಭಯರುಚಿ, ಅಭಯಮತಿ ಎಂಬ ಎಳೆಯರಲ್ಲಿ ಅಭಯರುಚಿ ತನ್ನ ಪೂರ್ವಜನ್ಮಗಳ ಕಥೆಯನ್ನು ಹೇಳುತ್ತಾನೆ; ಬಲಿಗೆ ಸಿದ್ಧನಾಗಿ ನಿಂತ ಮಾರಿದತ್ತ ಕೇಳುತ್ತಾನೆ. ಹಿಟ್ಟಿನ ಕೋಳಿಯನ್ನು ಕೊಂದವನ ಗತಿಯೇ ಹೀಗಾದರೆ ಮನುಷ್ಯರನ್ನೇ ಕೊಲ್ಲಹೊರಟ ತನ್ನ ಗತಿಯೇನು ಎಂಬ ಅರಿವು ಅವನಲ್ಲಿ ಮೂಡಬೇಕು. ಕಥೆ ಇರುವುದೇ ಅದಕ್ಕಾಗಿ. ಜೀವದಯಾಷ್ಟಮಿಯ ನೋಂಪಿಯೊಡನೆ ಈ ಕಥೆಗೆ ಸಂಬಂಧ ಬೆಳೆದುಬಂದದ್ದರ ಔಚಿತ್ಯವೂ ಇದೇ. ಮಾರಿದತ್ತನನ್ನು ಬಿಟ್ಟು ಓದಿದ ತರಗತಿ ಅಮೃತಮತಿ ತಪ್ಪಿತಸ್ಥಳೋ ಅಲ್ಲವೋ ಎಂದು ತೀರ್ಪು ಕೊಡಲು ಕುಳಿತಿತು. ಓದುವವನ ಕೈಯಲ್ಲೇನಿದೆ ಎಂದು ನೋಡಿಕೊಳ್ಳಲಿಲ್ಲ.

ಹಾಗಾದರೆ ತರಗತಿ ಬಸದಿಯಾಗಬೇಕೆ? ಸರ್ವಥಾ ಇಲ್ಲ. ಎಲ್ಲ ಮತದ ವಿದ್ಯಾರ್ಥಿಗಳೂ ಸೇರುವ ಸ್ಥಳದಲ್ಲಿ ಅಧ್ಯಾಪಕರು ಧರ್ಮೋಪದೇಶ ಮಾಡಬೇಕಾಗಿಲ್ಲ. ಪುನರ್ಜನ್ಮವನ್ನು ನಂಬದವನೂ ಭವಾವಳಿಯನ್ನು ಓದಬಲ್ಲ. ಮಾಡಿದ ಕರ್ಮ ಮಾಡಿದವನನ್ನು ಹೇಗೆ ಮಾರ್ಪಡಿಸುತ್ತದೆ ಎಂಬುದನ್ನು ಅಲ್ಲಿ ಕಾಣಬಲ್ಲ. ಕೃತಿಯನ್ನು ಇಡಿಯಾಗಿ ಓದಬೇಕೆಂಬುದು ಧರ್ಮದ ಬೇಡಿಕೆಯಲ್ಲ, ವಿಮರ್ಶೆಯದೇ ಬೇಡಿಕೆ.

ಸಮಾಜವೂ ಈ ವಿಷಯದಲ್ಲಿ ನಿರ್ದೋಷಿಯಲ್ಲ. ಶ್ರುತಪಂಚಮಿಯಂದು ಶಾಸ್ತ್ರಗ್ರಂಥಗಳಿಗೆ ಹೊಸ ಬಟ್ಟೆ ಹೊದಿಸಿ, ಅಕ್ಷತೆಯಿಟ್ಟು ಪೂಜಿಸುವ ಮನೆಗಳಲ್ಲಿ ಆ ಗ್ರಂಥಗಳನ್ನು ಬಿಚ್ಚಿ ಓದುವವರು ಎಷ್ಟು ಮಂದಿ? ವಿಶ್ವವಿದ್ಯಾನಿಲಯ ಶ್ರದ್ಧೆಯಿಲ್ಲದೆ ಓದಿತೆಂದು ಆಕ್ಷೇಪಿಸುವವರು, ಮನೆಯಲ್ಲಿ ಓದಿಲ್ಲದ ಶ್ರದ್ಧೆ ಬೆಳೆದದ್ದನ್ನೂ ಗಮನಿಸಬೇಕು. ಒಂದು ಕಡೆ ಅಂಕಗಳಿಗಾಗಿ ಬರೆದ ‘ಸಂಕಲ್ಪಹಿಂಸೆ’ಯ ಟಿಪ್ಪಣಿ, ಇನ್ನೊಂದು ಕಡೆ ಬಿಚ್ಚದ ಗ್ರಂಥದ ಪೂಜೆ, ಜೀವವಿಲ್ಲದ ಹಿಟ್ಟಿನ ರೂಪಗಳು ಎರಡೂ.

ಆದರೂ ತರಗತಿ ವ್ಯರ್ಥವಾಗಲಿಲ್ಲ. ಹಳಗನ್ನಡದ ಬೀಗದ ಕೈಯನ್ನು ವಿದ್ಯಾರ್ಥಿಗೆ ಕೊಟ್ಟದ್ದು ಅದೇ. ಅಂದು ಅರ್ಧಕ್ಕೆ ಬಿಟ್ಟ ಪುಸ್ತಕವನ್ನು ಮಧ್ಯವಯಸ್ಸಿನಲ್ಲಿ ಮತ್ತೆ ತೆರೆದವನಿಗೆ ಕಂದಪದ್ಯಗಳು ಈಗಲೂ ಅರ್ಥವಾಗುತ್ತವೆ. ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಮಾಡಿದ ತಪ್ಪುಗಳೂ, ನುಂಗಿಕೊಂಡೆನೆಂದು ಭಾವಿಸಿ ಉಳಿಸಿಕೊಂಡ ಕೋಪಗಳೂ ಆ ವಯಸ್ಸಿಗೆ ಅವನ ಬದುಕಿನಲ್ಲಿಯೂ ಕೂಡಿಬಂದಿರುತ್ತವೆ. ಅಂದು ಪಠ್ಯದಿಂದ ಬಿಟ್ಟುಹೋದ ಭಾಗಗಳೇ ಇಂದು ಅವನಿಗೆ ಬೇಕಾದವು. ಅಭಯರುಚಿ ಕಥೆ ಮುಗಿಸಿದಾಗ ಮಾರಿದತ್ತ ಬಲಿಯನ್ನು ಬಿಟ್ಟನು. ಪರೀಕ್ಷೆ ಮುಗಿದ ಎಷ್ಟೋ ವರ್ಷಗಳ ಮೇಲೆ ಓದುಗನೊಬ್ಬನು ತನ್ನ ಒಂದು ಹಳೆಯ ಕ್ರೋಧವನ್ನಾದರೂ ಬಿಡುವಂತಾದರೆ, ಅಂದು ಆರಂಭವಾದ ಪಾಠ ಅಂದಿಗೆ ಪೂರ್ತಿಯಾಯಿತೆನ್ನಬಹುದು.